ನೀರು ಹೊತ್ತು ತರುವ ಪುಕ್ಕಗಳು

ನಂಬುತ್ತೀರೋ ಬಿಡುತ್ತೀರೋ, ಏಪ್ರಿಲ್ ತಿಂಗಳ ನೆತ್ತಿ ಸುಡುವ ಬಿಸಿಲಲ್ಲಿ, ನಾಯಿಗಳೆಲ್ಲ ಟ್ರ್ಯಾಕ್ಟರಿನ ಅಡಿಯ ನೆರಳು ಹಿಡಿದು ನಾಲಗೆ ಚಾಚಿ ಮಲಗಿದ್ದ ಹೊತ್ತಿನಲ್ಲಿ, ಹಾರೂಗೇರಿ ಹೊರವಲಯದ ಪಡ ಬಿದ್ದ ಹೊಲವೊಂದರಲ್ಲಿ ಒಂದು ಹಕ್ಕಿ ನೀರು ಹೊರುತ್ತಿತ್ತು! ಕೊಕ್ಕಿನಲ್ಲಲ್ಲ, ಕಾಲಿನಲ್ಲಲ್ಲ. ಕಾಲುವೆಯಿಂದ ಸೋರಿ ನಿಂತ ನೀರಿಗೆ ಇಳಿದು ಹೊಟ್ಟೆ ಊರಿ ಕೂತಿತು. ಎದ್ದಿತು. ಮೈ ಅಲುಗಿಸಿ ಮತ್ತೆ ಕೂತಿತು. ಹೊಟ್ಟೆಯ ಬಿಳಿ ಪುಕ್ಕವೆಲ್ಲ ತೊಯ್ದು ತೊಪ್ಪೆಯಾದ ಮೇಲೆ ಉದ್ದನೆಯ ಹಳದಿ ಕಾಲುಗಳಲ್ಲಿ ದಡಬಡ ಓಡಿಬಂದು, ಬರೀ ನೆಲದ ಮೇಲಿದ್ದ ನಾಲ್ಕು ಮೊಟ್ಟೆಗಳನ್ನು ಆ ಒದ್ದೆ ಹೊಟ್ಟೆಯಡಿ ಸೇರಿಸಿಕೊಂಡಿತು. ಕಾವು ಕೊಡುವುದಕ್ಕಲ್ಲ ಸ್ವಾಮಿ, ತಂಪು ಕೊಡುವುದಕ್ಕೆ!

ಅದು ಟಿಟ್ಟಿಭ. ಕಣ್ಣಿನ ಮುಂದೆ ಕೆಂಪು ತೊಗಲಿನ ತುಣುಕು, ಕಪ್ಪು ಕೊರಳು, ಕಂದು ಬೆನ್ನು. ರಾತ್ರಿ ಹೊಲಕ್ಕೆ ನೀರು ಬಿಡಲು ಹೋದವರ ತಲೆಯ ಮೇಲೆ ಹಾರಿ ಬೊಬ್ಬೆ ಹೊಡೆಯುವ, ಯಾರೂ ನಿಂತು ನೋಡದ ಹಕ್ಕಿ. ಗೂಡು ಕಟ್ಟುವ ಗೋಜಿಗೇ ಹೋಗುವುದಿಲ್ಲ. ನೆಲದಲ್ಲಿ ಬೊಗಸೆಯಷ್ಟು ತಗ್ಗು, ಸುತ್ತ ನಾಲ್ಕು ಹರಳು, ಮುಗಿಯಿತು. ಮೊಟ್ಟೆಗಳ ಬಣ್ಣವೂ ಮಣ್ಣಿನದೇ, ಮೇಲೆ ಕಪ್ಪು ಚುಕ್ಕೆ. ಎರಡು ಮಾರು ದೂರದಿಂದಲೂ ಅವು ಮೊಟ್ಟೆ ಎಂದು ಹೇಳಲಾಗದು. ಈ ಬಯಲಿನಲ್ಲಿ ಏಪ್ರಿಲ್ ಕೊನೆಗೆ ಗಾಳಿಯ ಬಿಸಿಯೇ 40 ಡಿಗ್ರಿಗೆ ಸಮೀಪಿಸುತ್ತದೆ. ನೆಲದ ಬಿಸಿ ಅದಕ್ಕೂ ಮೇಲೆ, ಬರಿಗಾಲಲ್ಲಿ ನಿಲ್ಲಲಾಗದು. ಅಂಥ ನೆಲದ ಮೇಲಿಟ್ಟ ಮೊಟ್ಟೆ ಒಳಗೇ ಬೆಂದುಹೋಗಬೇಕು. ಬೇಯುವುದಿಲ್ಲ! ಗಂಡು ಹೆಣ್ಣು ಎರಡೂ ಪಾಳಿ ಹಾಕಿಕೊಂಡು ನಾಲ್ಕು ವಾರದಷ್ಟು ಕಾಲ ನೆರಳಾಗಿ, ಒದ್ದೆ ಬಟ್ಟೆಯಾಗಿ, ಕಾವಲಾಗಿ ನಿಲ್ಲುತ್ತವೆ.

ದುರ್ಬೀನು ಹಿಡಿದು ನಿಂತವರನ್ನು ಹೊಲದಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ಬದುವಿನ ಮೇಲೆ ಬಂದ ಹಿರಿಯರೊಬ್ಬರು ಮಾತಿಗಿಳಿದರು.

“ಏನ್ ನೋಡಾಕತ್ತೀರಿ ಸರ್ರ?”

“ಟಿಟ್ಟಿಭ ರೀ ಕಾಕಾ. ಮೊಟ್ಟಿಗೆ ನೀರ ಹಾಕಾಕತ್ತೈತಿ.”

“ಹಾಕಲಾರದ ಏನ್ ಮಾಡೀತ್ರಿ, ಬ್ಯಾಸಗಿ ಹೆಂಗೈತಿ ನೋಡ್ರಲಾ. ಅದು ಮೊಟ್ಟಿ ಬದುವಿನ ಮ್ಯಾಲ ಇಟ್ಟೈತೋ ತೆಗ್ಗಿನಾಗ ಇಟ್ಟೈತೋ, ಮೊದಲ ಅದನ್ನ ಹೇಳ್ರಿ. ಮ್ಯಾಲ ಇಟ್ಟಿದ್ರ ಈ ಸಲ ಮಳಿ ಜಬರದಸ್ತ ಆಕ್ಕೈತಿ!”

ಕಾಕಾ ಹೇಳಿದ ಈ ಲೆಕ್ಕ ಗಡಿಯಾಚೆ ಮರಾಠಿ ರೈತರಲ್ಲೂ ಇದೆ, ದೂರದ ರಾಜಸ್ಥಾನದಲ್ಲೂ ಇದೆ. ಸೊಲ್ಲಾಪುರದಲ್ಲಿ ಹುಟ್ಟಿ, ಅರಣ್ಯ ಇಲಾಖೆಯಲ್ಲಿ ದುಡಿದು, ಕಾಡು ಮತ್ತು ಹಕ್ಕಿಗಳ ಬಗ್ಗೆ ಮರಾಠಿಯಲ್ಲಿ ರಾಶಿ ಬರೆದ ಮಾರುತಿ ಚಿತಮಪಲ್ಲಿ ಇಂಥ ಮಳೆಯ ಸೂಚನೆಗಳನ್ನು ಬಿಡದೆ ದಾಖಲಿಸಿದವರು. ಹವಾಮಾನ ಇಲಾಖೆಯನ್ನು ಬಿಟ್ಟು ಟಿಟ್ಟಿಭವನ್ನು ನಂಬಿ ಬಿತ್ತನೆ ಮಾಡಿ ಎಂದು ನಾನಂತೂ ಹೇಳಲಾರೆ. ಆದರೆ ಮೊಟ್ಟೆ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂದು ತಲೆಮಾರುಗಳಿಂದ ನೋಡುತ್ತ ಬಂದವರ ಕಣ್ಣು ಇದೆಯಲ್ಲ, ಅದಕ್ಕೆ ಕೈ ಮುಗಿಯಬೇಕು. ಪಂಚತಂತ್ರದಲ್ಲಿ ಮೊಟ್ಟೆ ಕದ್ದ ಸಮುದ್ರದ ಮೇಲೇ ಜಗಳಕ್ಕೆ ಹೋಗುವುದು ಇದೇ ಹಕ್ಕಿ. ಆ ಒದ್ದೆ ಹೊಟ್ಟೆಯನ್ನು ಕಂಡ ಮೇಲೆ ಆ ಕತೆಯಲ್ಲಿ ಉತ್ಪ್ರೇಕ್ಷೆ ಇದೆ ಅನ್ನಿಸುವುದಿಲ್ಲ.

ಕೃಷ್ಣಾ ಹೊಳೆ ದಾಟಿ ಅಥಣಿಯ ಪೂರ್ವಕ್ಕೆ ಹೋದರೆ ಇದೇ ವಿದ್ಯೆಯಲ್ಲಿ ಟಿಟ್ಟಿಭವನ್ನೂ ಮೀರಿಸಿದವರಿದ್ದಾರೆ. ಕಬ್ಬಿನ ಹಸಿರು ತೆಳುವಾಗುತ್ತ ಹೋಗಿ ಜತ್ತ, ವಿಜಯಪುರದ ಕಡೆಯ ಒಣಬಯಲು ಶುರುವಾಗುವ ಸೀಮೆ ಅದು. ಕುರಿ ಮೇಯುವ ಕಲ್ಲುಭೂಮಿ, ಅಲ್ಲೊಂದು ಇಲ್ಲೊಂದು ಜಾಲಿ. ಬೆಳಗಿನ ಬಿಸಿಲು ಏರುವ ಮುಂಚೆ ಪಾರಿವಾಳದ ಗಾತ್ರದ, ಚೂಪು ಬಾಲದ ಹಕ್ಕಿಗಳು ಗುಂಪಾಗಿ, ಭರ್ರೆಂದು, ಕೊರಳಲ್ಲಿ ಗುಟುರು ಹಾಕುತ್ತ ನೀರಿನ ತಾಣಕ್ಕೆ ಬರುತ್ತವೆ. ಇವು ಸ್ಯಾಂಡ್‌ಗ್ರೌಸ್. ತಿನ್ನುವುದು ಒಣಗಿದ ಬೀಜಗಳನ್ನು ಮಾತ್ರ, ಹಾಗಾಗಿ ನೀರು ಬೇಕೇ ಬೇಕು. ಇನ್ನು ಮರಿಗಳೋ, ಗೂಡೆಂದರೆ ಬಟಾಬಯಲು, ನೀರು ಎಷ್ಟೋ ದೂರ, ಅವಕ್ಕೆ ಹಾರಲು ಬಾರದು. ಆಗ ಅಪ್ಪ ಏನು ಮಾಡುತ್ತಾನೆ ಗೊತ್ತೇ? ನೀರಿನಲ್ಲಿ ಹೊಟ್ಟೆ ಅದ್ದಿ ಕೂರುತ್ತಾನೆ. ಅವನ ಹೊಟ್ಟೆಯ ಪುಕ್ಕದ ಎಳೆಗಳು ಒಣಗಿದ್ದಾಗ ಸುರುಳಿ ಸುತ್ತಿಕೊಂಡಿರುತ್ತವೆ, ಒದ್ದೆಯಾದೊಡನೆ ಬಿಚ್ಚಿಕೊಂಡು ನೆಟ್ಟಗೆ ನಿಂತು ನಡುವೆ ನೀರನ್ನು ಹಿಡಿದಿಡುತ್ತವೆ. ಹಾಗೇ ಹಾರಿ ಬರುತ್ತಾನೆ! ಮರಿಗಳು ಹೊಟ್ಟೆಯಡಿ ನುಗ್ಗಿ ಪುಕ್ಕಗಳನ್ನು ಕೊಕ್ಕಿನಲ್ಲಿ ಹಿಂಡಿ ಕುಡಿಯುತ್ತವೆ!

1896ರಲ್ಲಿ ಮೀಡ್-ವಾಲ್ಡೋ ಎಂಬ ಇಂಗ್ಲಿಷರವ ತಾನು ಸಾಕಿದ ಹಕ್ಕಿಗಳಲ್ಲಿ ಇದನ್ನು ಕಂಡು ಬರೆದಾಗ ಬಹಳ ಜನ ನಂಬಲಿಲ್ಲ. ಎಪ್ಪತ್ತು ವರ್ಷ ಅದು ಅಡಗೂಲಜ್ಜಿ ಕತೆಯಾಗಿಯೇ ಉಳಿಯಿತು. 1967ರಲ್ಲಿ ಟಾಮ್ ಕೇಡ್ ಮತ್ತು ಮ್ಯಾಕ್ಲೀನ್ ಎಂಬಿಬ್ಬರು ಆಫ್ರಿಕದ ಕಲಹರಿಯಲ್ಲಿರುವ ಸ್ಯಾಂಡ್‌ಗ್ರೌಸ್ ಜಾತಿಯೊಂದರಲ್ಲಿ ಅಳತೆ ಮಾಡಿ ನೋಡಿದರು. ಒಂದು ಗಂಡು 20 ಮಿಲಿಲೀಟರಿಗೂ ಹೆಚ್ಚು ನೀರನ್ನು ಪುಕ್ಕದಲ್ಲಿ ಹಿಡಿಯಬಲ್ಲದು. 2023ರಲ್ಲಿ ಅಮೆರಿಕದ ಎಂಐಟಿ ಮತ್ತು ಜಾನ್ಸ್ ಹಾಪ್ಕಿನ್ಸ್‌ನ ವಿಜ್ಞಾನಿಗಳು ಆ ಪುಕ್ಕಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಇದೇ ಉಪಾಯದಿಂದ ಒಳಗಿನ ನೀರು ತುಳುಕದ ಬಾಟಲಿ ಮಾಡಬಹುದೇ ಎಂದು ಯೋಚಿಸಿದರು. ನಮ್ಮ ಕುರಿಗಾಹಿಗಳ ಎದುರಿಗೇ, ದನಗಳಿಗೆ ನೀರು ಕುಡಿಸುವ ಹೊಂಡದ ದಂಡೆಯಲ್ಲೇ ಇಂಥ ಹಕ್ಕಿ ಬಂದು ಕೂರುತ್ತದೆ ಎಂಬುದನ್ನು ಅರಗಿಸಿಕೊಳ್ಳಲು ನನಗೆ ಇನ್ನೂ ಆಗಿಲ್ಲ.

ಹಕ್ಕಿ ನೋಡಲು ಅಭಯಾರಣ್ಯಕ್ಕೇ ಹೋಗಬೇಕು ಎಂಬುದು ನಮ್ಮಲ್ಲಿ ಬೇರೂರಿದ ಮಾತು. ಈ ಭಾಗದವರು ಘಟಪ್ರಭಾ ಪಕ್ಷಿಧಾಮದ ಹೆಸರು ಹೇಳುತ್ತಾರೆ. ಬ್ರಿಟಿಷರ ಕಾಲದ ಧೂಪದಾಳ ಒಡ್ಡಿನ ಹಿನ್ನೀರು, 1974ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾದದ್ದು. ಚಳಿಗಾಲದಲ್ಲಿ ಸೊಗಸು, ಅನುಮಾನವಿಲ್ಲ. ಆದರೆ ಪರದೇಶದ ಕೊಕ್ಕರೆಗಳೆಲ್ಲ ಮಾರ್ಚಿಗೆ ಗಂಟುಮೂಟೆ ಕಟ್ಟುತ್ತವೆ. ಆಗ ಆಟ ಶುರುವಾಗುವುದು ಹೊಲದಲ್ಲಿ, ಕಾಲುವೆಯ ದಂಡೆಯಲ್ಲಿ, ಹೊಳೆಯ ಉಸುಕಿನಲ್ಲಿ. ಅಲ್ಲಿ ಟಿಕೆಟ್ಟಿಲ್ಲ, ಗೇಟಿಲ್ಲ, ನೋಡುವವರೂ ಇಲ್ಲ! ನಿಜ ಹೇಳಬೇಕೆಂದರೆ ನೂರಾ ನಲವತ್ತು ವರ್ಷದ ಹಿಂದೆ ನಮಗಿಂತ ಚೆನ್ನಾಗಿ ನೋಡುವವರಿದ್ದರು. ಇ. ಎ. ಬಟ್ಲರ್ ಎಂಬ ಸೇನಾಧಿಕಾರಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯನ್ನು 1881ರಲ್ಲಿ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಆ ಪತ್ರಿಕೆ ನಡೆಸುತ್ತಿದ್ದವರು ಯಾರು? ಮುಂದೆ ಕಾಂಗ್ರೆಸ್ ಕಟ್ಟಿದ ಎ. ಒ. ಹ್ಯೂಮ್!

ಕೃಷ್ಣೆಯ ಕಡೆ ಹೋಗೋಣ. ಕುಡಚಿ ಮತ್ತು ಉಗಾರದ ನಡುವೆ ರೈಲು ಹೊಳೆ ದಾಟುತ್ತದಲ್ಲ, ಆ ಭಾಗದಲ್ಲಿ ಬೇಸಿಗೆಯ ಹೊಳೆ ಎಂದರೆ ಅರ್ಧ ನೀರು ಅರ್ಧ ಉಸುಕು. ಮಳೆಗಾಲದಲ್ಲಿ ಊರೂರನ್ನೇ ಮುಳುಗಿಸಿದ ಹೊಳೆ ಇದೇನಾ ಎಂದು ಸಂಶಯ ಬರಬೇಕು, ಹಾಗೆ ಬಡವಾಗಿರುತ್ತದೆ. ಆ ಬಡತನದಲ್ಲೇ ಹಕ್ಕಿಗಳ ಸಿರಿ! ನಡುಹೊಳೆಯ ಉಸುಕಿನ ದಿಬ್ಬಗಳಿಗೆ ನಾಯಿ ನರಿ ಬರಲಾರವು. ಮಾರ್ಚಿನಿಂದ ಮೇ ತನಕ ಅಂಥ ದಿಬ್ಬಗಳೇ ನದಿ ರೀವದ ಬಾಣಂತಿ ಕೋಣೆ. ಕಪ್ಪು ಟೊಪ್ಪಿಗೆ, ಹಳದಿ ಕೊಕ್ಕು, ಕೆಂಪು ಕಾಲು, ಸೀಳು ಬಾಲ. ರೀವ ನೀರಿನ ಮೇಲೆ ತೇಲುತ್ತ ಹೋಗಿ, ಗಾಳಿಯಲ್ಲಿ ಗಕ್ಕನೆ ನಿಂತು, ತಲೆಕೆಳಗಾಗಿ ಧುಮುಕಿ ಮೀನು ಹಿಡಿದು ಮೇಲೇಳುವುದನ್ನು ಒಮ್ಮೆ ನೋಡಿದರೆ ಊಟ ಮರೆಯುತ್ತೀರಿ. ನಾನು ನೋಡಿದ ಗಂಡು ಹಿಡಿದ ಮೀನನ್ನು ನುಂಗಲಿಲ್ಲ. ಉಸುಕಿನ ಮೇಲೆ ಇಳಿದು, ಮೀನನ್ನು ಕೊಕ್ಕಿನಲ್ಲಿ ಅಡ್ಡ ಹಿಡಿದು, ಹೆಣ್ಣಿನ ಎದುರು ಹಿಂದೆ ಮುಂದೆ ನಡೆದಾಡಿತು. ಹೆಣ್ಣು ಮೊದಲು ಮುಖ ತಿರುಗಿಸಿತು. ಇದು ಸುತ್ತು ಹಾಕಿ ಮತ್ತೆ ಎದುರಿಗೆ ಬಂದಿತು. ಹೆಣ್ಣು ಕತ್ತು ಮುಂದೆ ಚಾಚಿ, ಮೀನಿನ ಬಾಲ ಹಿಡಿದು, ಜಗ್ಗಿ, ಗುಳುಂ! ಸಂಬಂಧ ಗಟ್ಟಿಯಾಯಿತು. ಈ ಹಕ್ಕಿಗಳ ದೊಡ್ಡ ಜಾತ್ರೆ ನೋಡಬೇಕೆಂದರೆ ಭದ್ರಾ ಜಲಾಶಯದ ನಡುಗಡ್ಡೆಗಳಿಗೇ ಹೋಗಬೇಕು. ಆದರೆ ಒಂದು ಜೋಡಿಯ ಮದುವೆ ಮಾತುಕತೆಗೆ ಕುಡಚಿ ಸಾಕು.

ಇಲ್ಲೊಂದು ಸಂಕಟ ಇದೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಅಥಣಿ, ರಾಯಬಾಗ, ಕಾಗವಾಡದ ಜನ ಮಹಾರಾಷ್ಟ್ರದತ್ತ ಮುಖ ಮಾಡಿ, ಕೊಯ್ನಾ ವಾರಣಾ ಜಲಾಶಯಗಳಿಂದ ನೀರು ಬಿಡಿಸಿ ಎಂದು ಕೇಳುವುದು ಹಳೆಯ ರೂಢಿ. ನೀರು ಬಂದರೆ ಊರಿಗೆ ಹಬ್ಬ. ಅದೇ ನೀರು ತಗ್ಗು ದಿಬ್ಬಗಳ ಮೇಲೇರಿದರೆ ಮೊಟ್ಟೆಗಳು ತೇಲಿಹೋಗುತ್ತವೆ. ಜಾಗತಿಕ ಕೆಂಪು ಪಟ್ಟಿಯಲ್ಲಿ ನದಿ ರೀವ ಅಪಾಯಕ್ಕೆ ಈಡಾದ ಹಕ್ಕಿ ಎಂದೇ ದಾಖಲಾಗಿದೆ. ಹಾಗಂತ ಕುಡಿಯುವ ನೀರು ಬೇಡ ಎನ್ನಲು ಯಾರಿಗೆ ಬಾಯಿ ಬಂದೀತು? ಉಸುಕು ತೆಗೆಯುವುದನ್ನಾದರೂ ಈ ಮೂರು ತಿಂಗಳು ಬಿಡಬಹುದಿತ್ತು.

ಕಬ್ಬಿನ ಹೊಲಗಳನ್ನು ಹಕ್ಕಿ ನೋಡುವವರು ತಿರಸ್ಕಾರದಿಂದ ಕಾಣುತ್ತಾರೆ. ಒಂದೇ ಬೆಳೆ, ಒಂದೇ ಹಸಿರು, ಏನಿದೆ ಅಲ್ಲಿ ಎಂದು. ಕಟಾವು ಮುಗಿದ ಮೇಲೆ ರವದಿಗೆ, ಅಂದರೆ ಹೊಲದಲ್ಲಿ ಉಳಿದ ಒಣಗರಿಗೆ, ಬೆಂಕಿ ಇಡುವ ದಿನ ಬಂದು ನೋಡಿ! ಹೊಗೆ ಏಳುವುದಷ್ಟೇ ತಡ, ಯಾರು ಡಂಗುರ ಸಾರಿದರೋ, ಹದ್ದುಗಳು ಮೇಲೆ ಸುತ್ತು ಹಾಕತೊಡಗುತ್ತವೆ. ಕಾಜಾಣಗಳು ತಂತಿ ಬಿಟ್ಟು ಹೊಗೆಯೊಳಕ್ಕೇ ನುಗ್ಗುತ್ತವೆ. ಪ್ರಾಣ ಉಳಿಸಿಕೊಳ್ಳಲು ಹಾರುವ ಮಿಡತೆ, ಜೀರುಂಡೆಗಳಿಗೆ ಹೊರಗೆ ಕೊಕ್ಕುಗಳ ಸಾಲು ಕಾದಿರುತ್ತದೆ. ರವದಿ ಸುಡುವುದು ಮಣ್ಣಿಗೆ ಒಳ್ಳೆಯದಲ್ಲ, ಕೊಚ್ಚಿ ಹೊಲದಲ್ಲೇ ಬಿಡಿ ಎಂದು ಕೃಷಿ ವಿಜ್ಞಾನಿಗಳು ಬಡಕೊಳ್ಳುತ್ತಾರೆ, ಅವರ ಮಾತು ಸರಿಯೇ. ಆದರೂ ಆ ಹೊಗೆಯ ಅಂಚಿನ ಕಂಬದ ಮೇಲೆ ಮಂಕು ಕಂದು ಬಣ್ಣದ ಮುದ್ದೆಯಾಗಿ ಕೂತಿದ್ದ ಹಕ್ಕಿ ರೆಕ್ಕೆ ಬಿಚ್ಚಿದ ಆ ಕ್ಷಣ! ನೀಲಿ, ಅದರೊಳಗೆ ಇನ್ನೊಂದು ನೀಲಿ, ಬಾಲದಲ್ಲಿ ಮತ್ತೊಂದು! ನೀಲಕಂಠ, ನಮ್ಮ ರಾಜ್ಯಪಕ್ಷಿ.

ಆ ನೀಲಿಯಲ್ಲಿ ನೀಲಿ ಬಣ್ಣವೇ ಇಲ್ಲ ಎಂದರೆ? ಪುಕ್ಕದ ಒಳರಚನೆ ಬೆಳಕನ್ನು ಚದುರಿಸಿ ನಮ್ಮ ಕಣ್ಣಿಗೆ ನೀಲಿಯನ್ನಷ್ಟೇ ಕಳಿಸುತ್ತದೆ. 1934ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಹುಟ್ಟುಹಾಕಿದ ಸಿ. ವಿ. ರಾಮನ್, ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಹಕ್ಕಿಗಳ ಪುಕ್ಕದ ಬಣ್ಣ ಎಲ್ಲಿಂದ ಬಂತು ಎಂಬ ಪ್ರಬಂಧ ಬರೆದರು. ಅದಕ್ಕಾಗಿ ಅವರು ಪರೀಕ್ಷಿಸಿದ ಹಕ್ಕಿ ಇದೇ ನೀಲಕಂಠ. ಸಮುದ್ರದ ನೀಲಿಯ ಹಿಂದೆ ಬಿದ್ದಿದ್ದ ಮನುಷ್ಯನ ಕಣ್ಣಿಗೆ ಈ ರೆಕ್ಕೆ ಬೀಳದೆ ಇದ್ದೀತೇ! ಬೇಸಿಗೆಯ ಮೊದಲ ವಾರಗಳಲ್ಲಿ ಗಂಡು ನೀಲಕಂಠ ಎತ್ತರಕ್ಕೇರಿ, ಅಲ್ಲಿಂದ ಮೈಬಿಟ್ಟು, ಕರ್ಕಶವಾಗಿ ಅರಚುತ್ತ, ಎಡಕ್ಕೂ ಬಲಕ್ಕೂ ಉರುಳುತ್ತ ಕೆಳಗೆ ಬೀಳುತ್ತದೆ. ಹೆಣ್ಣಿಗೆ ತೋರಿಸುವ ದೊಂಬರಾಟ ಅದು. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಓದಿದವರಿಗೆ ಮಾತ್ರ ಈ ಆಟ ನೋಡುವಾಗ ಎದೆ ಹಿಂಡುತ್ತದೆ. ನೀಲಕಂಠಗಳ ಸಂಖ್ಯೆ ಶೇ. 30ಕ್ಕೂ ಮಿಕ್ಕಿ ಕುಸಿದಿದೆ, ಇದರ ಸ್ಥಾನಮಾನವನ್ನು ಮರುಪರಿಶೀಲಿಸಬೇಕು ಎನ್ನುತ್ತದೆ ಆ ವರದಿ. ಅದೇ ವರದಿಯಲ್ಲಿ ಕೋಗಿಲೆ ಮತ್ತು ನವಿಲು ಹೆಚ್ಚಾಗಿವೆ. ಕಂಬದ ಮೇಲೆ ಕೂತ ಈ ಹಕ್ಕಿಯನ್ನು ಎಲ್ಲೆಡೆ ಇದೆ ಬಿಡು ಎಂದು ದಾಟಿಹೋಗುವ ಕಾಲ ಮುಗಿದಿದೆ.

ಬೆಳ್ಳಕ್ಕಿಗಳನ್ನೂ ಈಗ ಹೊಸದಾಗಿ ನೋಡಬೇಕು. ವರ್ಷವಿಡೀ ದನಗಳ ಕಾಲಡಿ, ನೇಗಿಲ ಹಿಂದೆ, ರೋಟರ್ ಹೊಡೆಯುವ ಟ್ರ್ಯಾಕ್ಟರಿನ ಹಿಂದೆ ಅಡ್ಡಾಡುವ ಈ ಹಕ್ಕಿಯ ತಲೆ, ಕೊರಳು, ಬೆನ್ನು ಬೇಸಿಗೆ ಏರಿದಂತೆ ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ಅರಿಶಿನ ಬೆಳೆಯುವ ಸೀಮೆಯಲ್ಲವೇ, ಮದುವೆಯ ಮುಂಚಿನ ದಿನ ಚಪ್ಪರದ ಕೆಳಗೆ ಕೂಡ್ರಿಸಿ ಅರಿಶಿನ ಹಚ್ಚಿದ ಮದುಮಗನ ಹಾಗೆ ಹೊಲದ ತುಂಬ ಇವೇ! ಇವುಗಳ ಪಡುವಣ ಬಳಗ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಆಫ್ರಿಕದಿಂದ ಅಟ್ಲಾಂಟಿಕ್ ಸಾಗರವನ್ನು ಯಾರ ಹಂಗೂ ಇಲ್ಲದೆ ದಾಟಿ ದಕ್ಷಿಣ ಅಮೆರಿಕ ಸೇರಿತು. ಎಮ್ಮೆಯ ಬೆನ್ನ ಮೇಲೆ ತೂಕಡಿಸುವ ಈ ಹಕ್ಕಿಯನ್ನು ಸೋಮಾರಿ ಎನ್ನುವ ಮುಂಚೆ ಅದನ್ನು ನೆನೆಸಿಕೊಳ್ಳಿ.

ಘಟಪ್ರಭಾ ಎಡದಂಡೆ ಕಾಲುವೆಯ ಕೂಡ ನಡೆದರೆ ಮಣ್ಣಿನ ಕಡಿದಾದ ದಂಡೆಗಳಲ್ಲಿ ಬೆರಳೆರಡು ತೂರುವಷ್ಟು ಅಗಲದ ತೂತುಗಳು ಕಾಣುತ್ತವೆ. ಇಲಿ ಬಿಲ ಎಂದುಕೊಳ್ಳಬೇಡಿ. ಒಂದು ಗಳಿಗೆ ದೂರ ಕೂತು ಕಾಯಿರಿ. ಹಸಿರು ಮೈ, ಕಣ್ಣಿಗೆ ಕಪ್ಪು ಪಟ್ಟಿ, ಬಾಲದ ನಡುವೆ ಎರಡು ಸೂಜಿಗರಿ, ಕೊಕ್ಕಿನಲ್ಲಿ ಜೇನುನೊಣ. ಕಳ್ಳಿಪೀರ! ನೊಣವನ್ನು ತಂತಿಗೆ ಬಡಿದು, ಉಜ್ಜಿ, ಮುಳ್ಳು ವಿಷ ತೆಗೆದು, ಆಮೇಲೆ ಗೂಡಿಗೆ. ಒಂದು ಹಿಡಿಗೂ ಸಾಲದ ಈ ಹಕ್ಕಿ ಕೊಕ್ಕಿನಲ್ಲಿ ಅಗೆದು, ಕಾಲಿನಲ್ಲಿ ಮಣ್ಣು ಹಿಂದಕ್ಕೆ ತೂರಿ, ಒಂದು ಮೀಟರಿಗೂ ಮೀರಿದ ಸುರಂಗ ಕೊರೆಯುತ್ತದೆ. ಹೊರಗೆ ಕೆಂಡ, ಒಳಗೆ ತಂಪು.

ಇದರ ಬುದ್ಧಿಯೋ! ಪುಣೆಯ ಮಿಲಿಂದ್ ವಾಟ್ವೆ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿ 2002ರಲ್ಲಿ ಪ್ರಕಟಿಸಿದರು. ಗೂಡಿನ ಬಾಯಿ ಕಾಣುವ ಜಾಗದಲ್ಲಿ ಮನುಷ್ಯ ನಿಂತಿದ್ದರೆ ಕಳ್ಳಿಪೀರ ಗೂಡಿನೊಳಗೆ ಹೋಗಲು ಹಿಂಜರಿಯುತ್ತದೆ. ಅಷ್ಟೇ ದೂರದಲ್ಲಿ, ಆದರೆ ಗೂಡಿನ ಬಾಯಿ ಕಾಣದಂತೆ ನಿಂತರೆ ನಿಶ್ಚಿಂತೆಯಿಂದ ಒಳಗೆ ಹೋಗುತ್ತದೆ. ಅಂದರೆ ತನಗೆ ಏನು ಕಾಣುತ್ತಿದೆ ಎಂಬುದನ್ನಷ್ಟೇ ಅಲ್ಲ, ನಿಮಗೆ ಏನು ಕಾಣುತ್ತಿದೆ ಎಂಬುದನ್ನೂ ಅದು ಲೆಕ್ಕ ಹಾಕುತ್ತಿದೆ! ಕಾಲುವೆ ದಂಡೆಯಲ್ಲಿ ನಾನು ಜಾಲಿಯ ಹಿಂದೆ ಸರಿದೆ, ಅದು ಒಳಗೆ ಹೋಯಿತು. ಈಚೆ ಬಂದು ನಿಂತೆ, ತಂತಿಯ ಮೇಲೆ ನೊಣ ಕಚ್ಚಿಕೊಂಡು ಕೂತೇಬಿಟ್ಟಿತು. ಅಲ್ಲಿಂದ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕುಳೆ ಕಬ್ಬಿನ ಅಂಚಿನಲ್ಲಿ ಸಂಜೆ ‘ಡುರ್ರ್‌ರ್’ ಎಂಬ ಸದ್ದು ಕೇಳಿದರೆ ತಲೆ ಎತ್ತಿ. ದೂರದ ಮೋಟರ್‌ಸೈಕಲ್ಲಿಗೂ ಇದಕ್ಕೂ ವ್ಯತ್ಯಾಸ ಹಿಡಿಯುವುದು ಕಷ್ಟ. ಅದು ಬುರ್ಲಿಯನ್ನು ಹೋಲುವ ಸಣ್ಣ ಹಕ್ಕಿ, ಇಂಗ್ಲಿಷಿನವರ ಬಟನ್‌ಕ್ವೇಲ್. ಕೂಗುತ್ತಿರುವುದು ಹೆಣ್ಣು! ಬಣ್ಣ ಹೆಚ್ಚಿರುವುದೂ ಅವಳಿಗೇ, ಗಂಡಿಗಾಗಿ ಬೇರೆ ಹೆಣ್ಣುಗಳ ಜೊತೆ ಕಾದಾಡುವವಳೂ ಅವಳೇ. ಮೊಟ್ಟೆ ಇಟ್ಟು ಗಂಡನ ಸುಪರ್ದಿಗೆ ಕೊಟ್ಟು ಮುಂದಿನ ಗಂಡನ ಹುಡುಕಾಟಕ್ಕೆ ಹೊರಡುತ್ತಾಳೆ. ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಅವನ ಪಾಡು.

ಇದೇ ಹೊತ್ತಿಗೆ ಹೊರಟು ನಿಂತವರ ಗದ್ದಲ ಬೇರೆ. ಗುಲಾಬಿ ಗೊರವಂಕಗಳು, ಜೋಳದ ತೆನೆಗೆ ಮುತ್ತಿ ರೈತರಿಂದ ಬೈಸಿಕೊಂಡು ಚಳಿಗಾಲ ಕಳೆದವು, ಮುತ್ತುಗ ಹೂವಿನ ಮಕರಂದ ಹೀರಿ, ಆಲ, ಅತ್ತಿ, ಬಸರಿಯ ಹಣ್ಣು ತಿಂದು ಮೈ ತುಂಬಿಸಿಕೊಳ್ಳುತ್ತವೆ. ಏಪ್ರಿಲ್ ನಡುವಿಗೆ ಗುಂಪುಗುಂಪಾಗಿ ಎದ್ದು ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಗೆ ಹೊರಟುಹೋಗುತ್ತವೆ. ಅಲ್ಲಿ ಅವುಗಳ ಆಹಾರ ಮಿಡತೆ. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಇವು ಬಂದು ಗೂಡು ಮಾಡಲಿ ಎಂದೇ ಕಲ್ಲಿನ ರಾಶಿ ಹಾಕಿ ಸ್ವಾಗತಿಸುತ್ತಾರೆ! ನಮ್ಮಲ್ಲಿ ಡಬ್ಬಿ ಬಡಿದು ಓಡಿಸಿದವರಿಗೆ ಅಲ್ಲಿ ಸರಕಾರಿ ಮನೆ. ಮರಿ ಮಾಡಿಕೊಂಡು ಜುಲೈ ಆಗಸ್ಟಿಗೆಲ್ಲ ನಮ್ಮತ್ತ ಮರಳಲು ಶುರು ಮಾಡುತ್ತವೆ. ವರ್ಷದ ಹೆಚ್ಚು ತಿಂಗಳು ಇಲ್ಲಿಯೇ ಇರುವವರನ್ನು ಪರದೇಶಿ ಎಂದು ಕರೆಯುವುದು ಎಷ್ಟು ಸರಿಯೋ!

ಇನ್ನು ಬರಬೇಕಾದವರು. ಮೇ ತಿಂಗಳಲ್ಲಿ ಗಂಡು ಗೀಜಗದ ತಲೆ ಹಳದಿಯಾಗತೊಡಗುತ್ತದೆ. ಮಳೆ ಬಿದ್ದೊಡನೆ ಕಬ್ಬಿನ ಗರಿಯ ಅಂಚನ್ನು ಕೊಕ್ಕಿನಲ್ಲಿ ಕಚ್ಚಿ, ಹಾರಿ, ಉದ್ದಕ್ಕೆ ಸೀಳಿಕೊಂಡು ಹೋಗಿ ಬಾವಿಯ ಮೇಲಿನ ಮರದಲ್ಲಿ ನೇಯ್ಗೆ ಶುರು. ಸಕ್ಕರೆ ಕಾರ್ಖಾನೆಗೆ ಬೇಡವಾದ ಗರಿಗೆ ಇಲ್ಲಿ ಎಷ್ಟು ಬೆಲೆ ನೋಡಿ. ಆಮೇಲೆ ಚಾತಕ! ಕಪ್ಪು ಬಿಳುಪಿನ ಮೈ, ತಲೆಯ ಮೇಲೆ ಜುಟ್ಟು. ಮಳೆಹನಿ ಬಿಟ್ಟು ಬೇರೆ ನೀರು ಕುಡಿಯುವುದಿಲ್ಲ ಎಂದು ನಮ್ಮ ಕವಿಗಳೆಲ್ಲ ಹಾಡಿದ ಹಕ್ಕಿ. ಕುಡಿಯುತ್ತದೆ, ಎಲ್ಲ ಹಕ್ಕಿಗಳ ಹಾಗೆಯೇ ಕುಡಿಯುತ್ತದೆ. ಅದರ ನಿಜವಾದ ಸಾಹಸ ಕವಿಗಳಿಗೂ ಗೊತ್ತಿರಲಿಲ್ಲ. ಆಫ್ರಿಕದಿಂದ ಹೊರಟು, ಅರಬ್ಬೀ ಸಮುದ್ರದ ಮೇಲೆ ಮುಂಗಾರು ಗಾಳಿಯ ಜೊತೆ ಹಾರಿ, ಮಳೆಯ ಹಿಂದೆಮುಂದೆಯೇ ನಮ್ಮ ನೆಲಕ್ಕೆ ಇಳಿಯುತ್ತದೆ. ಮೇ ಕೊನೆಯ ವಾರದಿಂದ ಹಾರೂಗೇರಿಯ ಸುತ್ತಿನ ಜಾಲಿ, ಬೇವಿನ ಮರಗಳ ತುದಿಯ ಮೇಲೆ ಕಣ್ಣಿಡಿ. ‘ಪಿಯು ಪಿಯು ಪೀ’ ಎಂದು ಕೇಳಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೊದಲ ಮಳೆ ಯಾವತ್ತು ಬಂತು ಎಂಬುದನ್ನು ಅದರ ಪಕ್ಕದಲ್ಲೇ ಬರೆಯಿರಿ. ಬದುವಿನ ಮೇಲಿನ ಕಾಕಾನ ಲೆಕ್ಕಕ್ಕೂ ಇಲಾಖೆಯ ಲೆಕ್ಕಕ್ಕೂ ನಡುವೆ ಯಾರು ಗೆದ್ದರು ಎಂದು ನನಗೂ ತಿಳಿಯಬೇಕಿದೆ.